ಮುಚ್ಚಳ ತೆರೆದರೂ ಏಳದ ಲ್ಯಾಪ್‌ಟಾಪ್: ಕೊಡಗಿನ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಮುಚ್ಚಳ ತೆರೆದ ಕೂಡಲೇ ಪರದೆ ಬೆಳಗಬೇಕು, ನಿನ್ನೆ ಬಿಟ್ಟ ಕೆಲಸ ಬಿಟ್ಟಲ್ಲೇ ಸಿಗಬೇಕು. ಈಗಿನ ಲ್ಯಾಪ್‌ಟಾಪ್ ಕೊಳ್ಳುವಾಗ ಅಂಗಡಿಯವರು ಕೊಡುವ ಮಾತು ಇದು. ಕೊಡಗಿನಲ್ಲಿ ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಈ ಮಾತು ಆಗಾಗ ತಪ್ಪುತ್ತದೆ. ಬಟವಾಡೆಯ ದಿನ ಚೆಕ್‌ರೋಲ್ (ಕೂಲಿಯ ಹಾಜರಿ ಪಟ್ಟಿ) ತೆರೆಯಲು ಕೂತ ತೋಟದ ರೈಟರ್‌ಗೆ ಕಪ್ಪು ಪರದೆ. ಹೋಂಸ್ಟೇ ಬುಕಿಂಗ್ ನೋಡಹೊರಟವರಿಗೆ ಸೊನ್ನೆ ಬ್ಯಾಟರಿ. ಆನ್‌ಲೈನ್ ಕ್ಲಾಸಿಗೆ ಕೂತ ಮಗುವಿಗೆ ವೈಫೈ ಇಲ್ಲ. ತಕ್ಷಣ ಬರುವ ತೀರ್ಮಾನ ಒಂದೇ: "ಮದರ್‌ಬೋರ್ಡ್ ಹೋಯ್ತು." ಮಾರನೇ ದಿನ ಮೈಸೂರಿಗೆ ಬಸ್ಸು.

ಅಷ್ಟು ದೂರ ಹೋಗುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಬಹಳ ಇದೆ, ಹೆಚ್ಚಿನದಕ್ಕೆ ಕಾಸೂ ಬೇಡ. ಇಂಥ ದೂರುಗಳಲ್ಲಿ ಬಹುಪಾಲಿಗೆ ಮೂಲ, ಮುಚ್ಚಳ ಮುಚ್ಚಿದರೆ ಯಂತ್ರ ಆಫ್ ಆಯಿತು ಎಂದು ನಾವು ನಂಬಿರುವುದು. ಆಫ್ ಆಗಿರುವುದಿಲ್ಲ. ರಾತ್ರಿ ಒಲೆಯ ಬೂದಿ ಮುಚ್ಚಿಟ್ಟ ಕೆಂಡದ ಹಾಗೆ ಒಳಗೆ ಉರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಬೇಗ ಹೊತ್ತಿಕೊಳ್ಳುವುದೂ ಅದಕ್ಕೇ, ರಾತ್ರಿಯಿಡೀ ಸೌದೆ ತಿನ್ನುವುದೂ ಅದಕ್ಕೇ.

ಇಲ್ಲಿ ಹೇಳುವುದು ಮುಖ್ಯವಾಗಿ ವಿಂಡೋಸ್ 10 ಮತ್ತು 11ರ ಬಗ್ಗೆ. ಲಿನಕ್ಸ್, ಕ್ರೋಮ್‌ಬುಕ್ ಬಳಸುವವರಿಗೆ ಅಲ್ಲಲ್ಲಿ ಎರಡು ಮಾತು ಇದೆ.

ಮೊದಲು ತಿಳಿಯಬೇಕಾದ್ದು: ನಿಮ್ಮದು ಹೇಗೆ ಮಲಗುತ್ತದೆ?

ಲ್ಯಾಪ್‌ಟಾಪ್‌ನ ವಿದ್ಯುತ್ ಸ್ಥಿತಿಗಳಿಗೆ 1996ರಲ್ಲಿ ಬಂದ ಎಸಿಪಿಐ ಎಂಬ ಮಾನಕ ಹೆಸರಿಟ್ಟಿದೆ. ನಮಗೆ ಬೇಕಾದವು ನಾಲ್ಕೇ.

ಎಸ್3 ಹಳೆಯ ಪದ್ಧತಿಯ ನಿದ್ದೆ. ರ‍್ಯಾಮ್‌ಗೆ (ತೆರೆದ ಕೆಲಸ ಹಿಡಿದಿಡುವ ತಾತ್ಕಾಲಿಕ ನೆನಪು) ಮಾತ್ರ ಕರೆಂಟು ಹೋಗುತ್ತದೆ, ಉಳಿದದ್ದೆಲ್ಲ ಬಹುತೇಕ ನಿಂತಿರುತ್ತದೆ. ಎಸ್0 ಲೋ ಪವರ್ ಐಡಲ್, ಅಂದರೆ ಮಾಡರ್ನ್ ಸ್ಟ್ಯಾಂಡ್‌ಬೈ, ಮೊಬೈಲಿನ ಪದ್ಧತಿ. ಪರದೆ ಆರಿರುತ್ತದೆ, ಪ್ರೊಸೆಸರ್ ತೂಕಡಿಸುತ್ತಿರುತ್ತದೆ, ನಡುನಡುವೆ ಎದ್ದು ಮೇಲ್ ನೋಡುತ್ತದೆ, ಅಪ್‌ಡೇಟ್ ಇಳಿಸುತ್ತದೆ. ವಿಂಡೋಸ್ 8ರ ಕಾಲದಲ್ಲಿ ಇದು ಕನೆಕ್ಟೆಡ್ ಸ್ಟ್ಯಾಂಡ್‌ಬೈ ಆಗಿ ಬಂತು, ವಿಂಡೋಸ್ 10ರಲ್ಲಿ ಈಗಿನ ಹೆಸರು ಪಡೆಯಿತು. ಈಚಿನ ಹೆಚ್ಚಿನ ಯಂತ್ರಗಳಲ್ಲಿ ಎಸ್3 ಇಲ್ಲವೇ ಇಲ್ಲ, ಇದೊಂದೇ ಇರುವುದು. ಎಸ್4 ಎಂದರೆ ಹೈಬರ್ನೇಟ್: ರ‍್ಯಾಮ್‌ನಲ್ಲಿದ್ದದ್ದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರ ಪೂರ್ತಿ ಆರುತ್ತದೆ. ಎಸ್5 ಶಟ್‌ಡೌನ್. ಅದರಲ್ಲೂ ಒಂದು ಒಳಸುಳಿ ಇದೆ, ಮುಂದೆ ಹೇಳುತ್ತೇನೆ.

ನಿಮ್ಮದು ಯಾವುದು ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ಪವರ್‌ಸಿಎಫ್‌ಜಿ /ಎ' ಎಂದು ಕೊಡಿ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ: ಪವರ್ ಎಂಬ ಪದ, ಅದಕ್ಕೆ ಅಂಟಿಕೊಂಡೇ ಸಿ, ಎಫ್, ಜಿ, ಒಂದು ಜಾಗ, ಓರೆಗೆರೆ, ಎ. ಯಾವ ಯಾವ ನಿದ್ದೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬ ಪಟ್ಟಿ ಬರುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲಾ ಲಕ್ಷಣಗಳ ಅರ್ಥ ಇದರ ಮೇಲೆ ನಿಂತಿದೆ.

ಲಕ್ಷಣ: ಮುಚ್ಚಳ ತೆರೆದರೆ ಪರದೆ ಕಪ್ಪು

ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಇದೇ. ಅವಸರ ಮಾಡಬೇಡಿ. ಪವರ್ ಬಟನನ್ನು ಒಮ್ಮೆ ಒತ್ತಿ ಬಿಡಿ, ಹಿಡಿದುಕೊಳ್ಳಬೇಡಿ. ಯಂತ್ರ ರಾತ್ರಿ ತಾನಾಗಿಯೇ ಹೈಬರ್ನೇಟ್‌ಗೆ ಜಾರಿದ್ದರೆ ಮುಚ್ಚಳ ತೆರೆದದ್ದಷ್ಟಕ್ಕೆ ಏಳುವುದಿಲ್ಲ, ಬಟನ್ ಬೇಕು. ಅರ್ಧ ನಿಮಿಷ ಕಾಯಿರಿ.

ಏನೂ ಆಗಲಿಲ್ಲವೇ? ಚಾರ್ಜರ್ ಹಾಕಿ. ಇನ್ವರ್ಟರ್ ಸಾಕೆಟ್, ಎಕ್ಸ್‌ಟೆನ್ಷನ್ ಬೇಡ, ನೇರ ಗೋಡೆಯ ಸಾಕೆಟ್. ಮೊಬೈಲಿನ ಸಿ-ಟೈಪ್ ಚಾರ್ಜರ್ ಕಿಂಡಿಗೆ ಕೂರುತ್ತದೆ ಎಂದ ಮಾತ್ರಕ್ಕೆ ಲ್ಯಾಪ್‌ಟಾಪಿಗೆ ಸಾಲುತ್ತದೆ ಎಂದಲ್ಲ. ಪೂರ್ತಿ ಬರಿದಾದ ಬ್ಯಾಟರಿ ಚೇತರಿಸಿಕೊಳ್ಳಲು ಕಾಲು ಗಂಟೆಯಾದರೂ ಬೇಕು. ಅಷ್ಟಾದರೂ ಚಾರ್ಜಿಂಗ್ ದೀಪವೇ ಹೊತ್ತದಿದ್ದರೆ ಅದೇ ಸಾಕೆಟ್‌ಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಗಾಳಿಮಳೆಯ ಮಾರನೇ ದಿನ ಒಂದು ಫೇಸ್ ಮಾತ್ರ ಸತ್ತು ಮನೆಯ ಅರ್ಧ ಸಾಕೆಟ್‌ಗಳು ಖಾಲಿ ಇರುವುದು ನಮ್ಮಲ್ಲಿ ಹೊಸತಲ್ಲ.

ದೀಪ ಹೊತ್ತುತ್ತದೆ, ಪರದೆ ಮಾತ್ರ ಕಪ್ಪು ಎಂದಾದರೆ ಕ್ಯಾಪ್ಸ್ ಲಾಕ್ ಒತ್ತಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಎಚ್ಚರವಾಗಿದೆ, ತೊಂದರೆ ಪರದೆಯದು ಅಥವಾ ಗ್ರಾಫಿಕ್ಸಿನದು. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಸಾಮಾನ್ಯವಾಗಿ ಒಂದು ಬೀಪ್ ಕೇಳಿಸುತ್ತದೆ, ತೆರೆದ ಫೈಲುಗಳಿಗೆ ಏನೂ ಆಗುವುದಿಲ್ಲ. ಪ್ರಕಾಶದ ಕೀಯನ್ನೂ ನಾಲ್ಕು ಸಲ ಒತ್ತಿ.

ಅದಕ್ಕೂ ಜಗ್ಗದಿದ್ದರೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂಬೆಳಕು ಹೋಗಿದೆ ಎಂದರ್ಥ, ಡೇಟಾ ಕ್ಷೇಮ. ಏನೂ ಕಾಣದಿದ್ದರೆ ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂದು ಲ್ಯಾಪ್‌ಟಾಪಿನಲ್ಲಿ ಬಾರದಿದ್ದರೆ ಮದರ್‌ಬೋರ್ಡ್ ಬದುಕಿದೆ. ಮುಚ್ಚಳದ ಕೀಲಿನೊಳಗೆ ಹಾದುಹೋಗುವ ಪರದೆಯ ಕೇಬಲ್ಲೋ ಪ್ಯಾನೆಲ್ಲೋ ಸೋತಿದೆ. ಮುಚ್ಚಳವನ್ನು ಒಂದು ಕೋನದಲ್ಲಿ ಹಿಡಿದಾಗ ಚಿತ್ರ ಬಂದು ಹೋಗುತ್ತಿದ್ದರೆ ಕೇಬಲ್ಲೇ.

ಕ್ಯಾಪ್ಸ್ ಲಾಕ್ ದೀಪವೂ ಅಲುಗದಿದ್ದರೆ ಯಂತ್ರ ಏಳುವ ದಾರಿಯಲ್ಲೇ ಸಿಕ್ಕಿಹಾಕಿಕೊಂಡಿದೆ. ಪವರ್ ಬಟನ್ ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು ಬಲವಂತವಾಗಿ ಆರಿಸುವುದೊಂದೇ ದಾರಿ. ಉಳಿಸದೇ ಬಿಟ್ಟ ಕೆಲಸ ಹೋಗುತ್ತದೆ, ಅದಕ್ಕೆ ಸಿದ್ಧರಾಗಿ. ಆಮೇಲೆ ಚಾರ್ಜರ್, ಪೆನ್‌ಡ್ರೈವ್, ಮೌಸ್ ಎಲ್ಲ ಕಿತ್ತು ಬಟನ್ ಮತ್ತೆ 30 ಸೆಕೆಂಡು ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿದುಹೋಗುತ್ತದೆ. ಎರಡು ನಿಮಿಷ ಬಿಟ್ಟು ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಕೆಲವು ಥಿಂಕ್‌ಪ್ಯಾಡ್‌ಗಳ ಹೊಟ್ಟೆಯ ಕೆಳಗೆ ಸೂಜಿರಂಧ್ರವೊಂದಿದ್ದು, ಬಿಡಿಸಿದ ಪೇಪರ್ ಕ್ಲಿಪ್ಪಿನಿಂದ ಒತ್ತಿದರೆ ಬ್ಯಾಟರಿ ಕ್ಷಣಕಾಲ ಕಡಿದು ಇದೇ ಕೆಲಸ ಆಗುತ್ತದೆ. ಸ್ಪೀಕರ್ ರಂಧ್ರಕ್ಕೆ ಚುಚ್ಚಬೇಡಿ, ಪಕ್ಕದ ಗುರುತು ನೋಡಿ. ಕ್ರೋಮ್‌ಬುಕ್ ಆದರೆ ರಿಫ್ರೆಶ್ ಕೀ ಹಿಡಿದು ಪವರ್ ಒತ್ತಿ.

ಆನ್ ಮಾಡಿದಾಗ ದೀಪ ಇಷ್ಟು ಸಲ ಮಿನುಗಿ ನಿಲ್ಲುತ್ತದೆ, ಅಥವಾ ಲೆಕ್ಕ ಹಾಕಿದಂತೆ ಬೀಪ್ ಮಾಡುತ್ತದೆ ಎಂದಾದರೆ ಅದು ತಯಾರಕರ ಸಂಕೇತ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ರ‍್ಯಾಮ್, ಪರದೆ, ಬೋರ್ಡ್ ಪೈಕಿ ಯಾವುದು ಎಂದು ಆ ಮಾದರಿಯ ಕೈಪಿಡಿಯಲ್ಲಿ ಇರುತ್ತದೆ. ರಿಪೇರಿಯವರಿಗೆ ಆ ಹತ್ತು ಸೆಕೆಂಡಿನ ವಿಡಿಯೋ ಅರ್ಧ ದಿನ ಉಳಿಸುತ್ತದೆ.

ಕೊನೆಯ ಮನೆಮದ್ದು ರ‍್ಯಾಮನ್ನು ಕಿತ್ತು ಮತ್ತೆ ಕೂರಿಸುವುದು. ತಿಂಗಳುಗಟ್ಟಲೆ ತೇವ ಆಡುವ ಮನೆಗಳಲ್ಲಿ ಸಂಪರ್ಕದ ಹಲ್ಲುಗಳ ಮೇಲೆ ಪದರ ಕೂತು ಯಂತ್ರ ಏಳದಿರುವುದು ಉಂಟು. ಆದರೆ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ನಿಮ್ಮದರಲ್ಲಿ ಕಿತ್ತು ಬರುವಂಥದ್ದೇ, ವಾರಂಟಿ ಮುಗಿದಿದೆಯೇ, ಒಳಗಿನ ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಲು ಬರುತ್ತದೆಯೇ? ಮೂರಕ್ಕೂ ಹೌದು ಎಂದರೆ ಮಾತ್ರ ಸ್ಕ್ರೂಡ್ರೈವರ್ ಹಿಡಿಯಿರಿ. ಹಲ್ಲು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಪೆನ್ಸಿಲ್ ರಬ್ಬರ್ ಉಜ್ಜುವ ಚಾಳಿ ಎಲ್ಲೆಡೆ ಇದೆ, ನನಗೆ ಅದು ಇಷ್ಟವಿಲ್ಲ. ಚಿನ್ನದ ಲೇಪವೂ ಸವೆಯುತ್ತದೆ, ಪುಡಿಯೂ ಒಳಗೆ ಉಳಿಯುತ್ತದೆ.

ಲಕ್ಷಣ: ರಾತ್ರಿ 80 ಶೇಕಡಾ ಇತ್ತು, ಬೆಳಿಗ್ಗೆ ಸತ್ತಿದೆ

ರಾತ್ರಿಯಿಡೀ ನಿದ್ದೆಯಲ್ಲಿ ಶೇಕಡಾ 5ರಿಂದ 10 ಇಳಿದರೆ ಚಿಂತೆ ಬೇಡ. ಮೂವತ್ತು ನಲವತ್ತು ಇಳಿದರೆ ಯಂತ್ರ ಮಲಗಿಯೇ ಇರಲಿಲ್ಲ.

ನಮ್ಮೂರಿನ ಕರೆಂಟಿಗೂ ಮಾಡರ್ನ್ ಸ್ಟ್ಯಾಂಡ್‌ಬೈಗೂ ಆಗಿಬರದ ಒಂದು ಸಂಗತಿ ಇಲ್ಲಿದೆ. ಚಾರ್ಜರ್ ಹಾಕಿದ ಸ್ಥಿತಿಯಲ್ಲಿ ಮುಚ್ಚಳ ಮುಚ್ಚಿದರೆ ಯಂತ್ರ "ಕರೆಂಟು ಧಾರಾಳ ಇದೆ" ಎಂದುಕೊಂಡು ಒಳಗೊಳಗೇ ನೆಟ್‌ವರ್ಕ್ ಕೆಲಸ ನಡೆಸುತ್ತದೆ. ನಡುರಾತ್ರಿ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದು ಕರೆಂಟು ಹೋಗುತ್ತದೆ. ಆಗ ಯಂತ್ರ ನಿದ್ದೆಯ ಲೆಕ್ಕವನ್ನು ಬ್ಯಾಟರಿಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ಎಲ್ಲ ಯಂತ್ರಗಳೂ ಅದನ್ನು ಸರಿಯಾಗಿ ಮಾಡುವುದಿಲ್ಲ. ಶುರುವಾದ ಕೆಲಸ ಬ್ಯಾಟರಿಯಲ್ಲೇ ಮುಂದುವರಿಯುತ್ತದೆ. ಹಾಗಾಗಿ ಖರ್ಚಿಲ್ಲದ ಮೊದಲ ಉಪಾಯ: ಚಾರ್ಜರ್ ಕಿತ್ತು, ಆಮೇಲೆ ಮುಚ್ಚಳ ಮುಚ್ಚಿ. ಒಂದು ರಾತ್ರಿ ಹೀಗೆ ಮಾಡಿ ಇಳಿಕೆ ಎಷ್ಟು ನೋಡಿ. ದೊಡ್ಡ ವ್ಯತ್ಯಾಸ ಕಂಡರೆ ಬ್ಯಾಟರಿಯದೇನೂ ತಪ್ಪಿಲ್ಲ.

ಆಗಲೂ ಇಳಿಯುತ್ತಿದ್ದರೆ 'ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ' ಕೊಡಿ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಯಂತ್ರಗಳಿಗೆಂದೇ ಇರುವುದು ಇದು. ಹಿಂದಿನ ಮೂರು ದಿನದ ವರದಿಯನ್ನು ಒಂದು ವೆಬ್ ಪುಟವಾಗಿ ಉಳಿಸಿ, ಎಲ್ಲಿ ಉಳಿಸಿದೆ ಎಂದು ತೋರಿಸುತ್ತದೆ. ಬ್ರೌಸರಿನಲ್ಲಿ ತೆರೆದರೆ ಪ್ರತಿಯೊಂದು ನಿದ್ದೆಯ ಅವಧಿ, ಇಳಿದ ಬ್ಯಾಟರಿ, ಆಳನಿದ್ದೆಯಲ್ಲಿ ಕಳೆದ ಶೇಕಡಾವಾರು ಸಮಯ, ಕೆಳಗೆ 'ಟಾಪ್ ಅಫೆಂಡರ್ಸ್' ಎಂಬ ಪಟ್ಟಿ. ಆಳನಿದ್ದೆ ತೊಂಬತ್ತು ದಾಟಿದ್ದರೂ ಬ್ಯಾಟರಿ ಇಳಿದಿದ್ದರೆ ಬ್ಯಾಟರಿಯೇ ಮುದಿಯಾಗಿರಬಹುದು. ಆಳನಿದ್ದೆ ಕಡಿಮೆ ಇದ್ದರೆ ಪಟ್ಟಿಯ ಮೊದಲ ಹೆಸರು ನೋಡಿ: ವೈಫೈ ಕಾರ್ಡ್, ಆಡಿಯೋ, ಯುಎಸ್‌ಬಿಗೆ ಚುಚ್ಚಿ ಮರೆತ ಡಾಂಗಲ್, ಹೀಗೆ ಯಾವುದೋ ಒಂದು. ಡಾಂಗಲ್ ಆದರೆ ಕಿತ್ತಿಡಿ, ಡ್ರೈವರ್ ಆದರೆ ತಯಾರಕರ ತಾಣದಿಂದ ಹೊಸದು ಹಾಕಿ.

ಟವರ್ ಸಿಗ್ನಲ್ ಬಂದು ಹೋಗುವ ಕಡೆ ಇನ್ನೊಂದು ಸಾಧ್ಯತೆ. ನಿದ್ದೆಯಲ್ಲಿರುವ ಯಂತ್ರ ಸಿಗದ ನೆಟ್‌ವರ್ಕನ್ನು ಹುಡುಕುತ್ತಾ ಕೂರುತ್ತದೆ. ಮಲಗಿಸುವ ಮೊದಲು ಏರ್‌ಪ್ಲೇನ್ ಮೋಡ್ ಹಾಕಿ ಒಂದು ರಾತ್ರಿ ನೋಡಿ.

ಬ್ಯಾಟರಿಯ ಆರೋಗ್ಯಕ್ಕೆ 'ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್'. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿ ಇರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಬಂದಿದ್ದರೆ ಸೆಟ್ಟಿಂಗ್ ತಿರುಚುತ್ತಾ ಕೂರಬೇಡಿ, ಹೊಸ ಬ್ಯಾಟರಿಗೆ ಹಣ ತೆಗೆದಿಡಿ.

ಮಳೆಗಾಲದ ನಾಲ್ಕು ತಿಂಗಳು ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗುವಂತೆ ಇಟ್ಟುಬಿಡಿ, ಇದು ನನ್ನ ಗಟ್ಟಿ ಸಲಹೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, 'ಚೂಸ್ ವಾಟ್ ಕ್ಲೋಸಿಂಗ್ ದಿ ಲಿಡ್ ಡಸ್' ಎಂಬಲ್ಲಿ ಹೋದರೆ ಸಿಗುತ್ತದೆ. ಆಯ್ಕೆಯೇ ಕಾಣದಿದ್ದರೆ 'ಪವರ್‌ಸಿಎಫ್‌ಜಿ /ಎಚ್ ಆನ್' ಕೊಟ್ಟು ಮತ್ತೆ ನೋಡಿ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇದ್ದರೆ ಏಳಲು ಹತ್ತಿಪ್ಪತ್ತು ಸೆಕೆಂಡು ತೆಗೆದುಕೊಳ್ಳುತ್ತದೆ, ಅಷ್ಟೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಊರೂರೇ ಕತ್ತಲಾದಾಗ ದಿನಗಟ್ಟಲೆ ಚಾರ್ಜ್ ಮಾಡಲಾಗದೆ ಕೂತವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ನಿದ್ದೆಯಲ್ಲಿ ಬ್ಯಾಟರಿ ಬರಿದಾದರೆ ಉಳಿಸದ ಕೆಲಸ ಹೋಗಬಹುದು. ಹೈಬರ್ನೇಟ್‌ನಲ್ಲಿ ವಾರ ಬಿಟ್ಟು ತೆರೆದರೂ ಇದ್ದಲ್ಲೇ ಇರುತ್ತದೆ.

ಲಕ್ಷಣ: ಬ್ಯಾಗಿನೊಳಗೆ ಕಾದ ಕಾವಲಿ

ಮಡಿಕೇರಿಯಲ್ಲಿ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಮೈಸೂರಲ್ಲಿ ತೆಗೆದರೆ ಕೈ ಸುಡುವಷ್ಟು ಬಿಸಿ, ಫ್ಯಾನ್ ಗುಂಯ್ ಅನ್ನುತ್ತಿದೆ. ಗಾಳಿಯಾಡದ ಬ್ಯಾಗಿನೊಳಗೆ ಯಂತ್ರ ಎದ್ದು ಕೂತಿದೆ ಎಂದರ್ಥ. ಲಿಥಿಯಂ ಬ್ಯಾಟರಿಗೆ ಇಂಥ ಶಾಖ ಒಳ್ಳೆಯದಲ್ಲ. ಒಂದೇ ಸಲ ಆದರೂ ಲಘುವಾಗಿ ತೆಗೆದುಕೊಳ್ಳಬೇಡಿ.

ಪ್ರಯಾಣಕ್ಕೆ ಮುಂಚೆ ಸ್ಲೀಪ್ ಬೇಡ, ಹೈಬರ್ನೇಟ್ ಅಥವಾ ಶಟ್‌ಡೌನ್ ಮಾಡಿ. ದೀಪ, ಫ್ಯಾನ್ ಎರಡೂ ನಿಂತದ್ದು ನೋಡಿಯೇ ಬ್ಯಾಗಿಗೆ ಹಾಕಿ. ಅಪ್‌ಡೇಟ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ.

ಕಾರಣ ಹುಡುಕಬೇಕಾದರೆ ಮುಚ್ಚಳದ ಸೆನ್ಸರ್ ನೋಡಿ. ಮುಚ್ಚಳ ಮುಚ್ಚಿದ್ದನ್ನು ಯಂತ್ರ ತಿಳಿಯುವುದು ಅಂಚಿನಲ್ಲಿರುವ ಸಣ್ಣ ಆಯಸ್ಕಾಂತ ಮತ್ತು ಅದರ ಎದುರಿನ, ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್‌ನಿಂದ. ಮುಚ್ಚಳ ಪೂರ್ತಿ ಕೂರದಿದ್ದರೆ ಸೆನ್ಸರಿಗೆ ಗೊತ್ತಾಗುವುದಿಲ್ಲ. ಯಾಕೆ ಕೂರುವುದಿಲ್ಲ? ಕೀಬೋರ್ಡಿನ ಮೇಲೆ ಬಿಟ್ಟ ಪೆನ್ನು, ಸಡಿಲ ಕೀಲು, ಇಲ್ಲವೇ ಉಬ್ಬಿದ ಬ್ಯಾಟರಿ.

ಉಬ್ಬಿದ ಬ್ಯಾಟರಿ ಎಂದರೆ ಅಲ್ಲೇ ನಿಲ್ಲಿಸಿ. ಟಚ್‌ಪ್ಯಾಡ್ ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ, ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗಾಡುತ್ತದೆ, ಅಂಚಿನಲ್ಲಿ ಸಂದು ಬಿಟ್ಟಿದೆ: ಇವು ಗುರುತು. ಆಮೇಲೆ ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಆಫ್ ಮಾಡಿ, ಮರದ ಅಟ್ಟ, ಹಾಸಿಗೆ, ಗೋಣಿಚೀಲಗಳಿಂದ ದೂರ, ಸಿಮೆಂಟ್ ಅಥವಾ ಹೆಂಚಿನ ನೆಲದ ಮೇಲೆ, ಮಳೆ ಬೀಳದ ಜಾಗದಲ್ಲಿಡಿ. ಬದಲಿಸುವುದು ತಿಳಿದವರ ಕೆಲಸ. ಹೊಗೆ ಅಥವಾ ಸಿಹಿವಾಸನೆಯ ಆವಿ ಬಂದರೆ ಯಂತ್ರ ಉಳಿಸಲು ಹೋಗಬೇಡಿ, ಜನ ಹೊರಗೆ ಬನ್ನಿ, ಅಗ್ನಿಶಾಮಕದವರಿಗೆ ಕರೆ ಮಾಡಿ.

ಲಕ್ಷಣ: ತಾನಾಗಿಯೇ ಏಳುತ್ತದೆ, ತಾನಾಗಿಯೇ ಮಲಗುತ್ತದೆ

ನಡುರಾತ್ರಿ ಪರದೆ ಬೆಳಗಿದರೆ ದೆವ್ವದ ಕಾಟವಲ್ಲ, ಯಾವುದೋ ಒಂದು ಸಾಧನ ತಟ್ಟಿ ಎಬ್ಬಿಸಿದೆ. 'ಪವರ್‌ಸಿಎಫ್‌ಜಿ /ಲಾಸ್ಟ್‌ವೇಕ್' ಕೊಟ್ಟರೆ ಕೊನೆಯ ಸಲ ಎಬ್ಬಿಸಿದವರ ಹೆಸರು, '/ವೇಕ್‌ಟೈಮರ್ಸ್' ಕೊಟ್ಟರೆ ಮುಂದೆ ಎಬ್ಬಿಸಲು ಕಾದು ಕೂತವರ ಹೆಸರು. ಮೌಸ್ ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ ಎಬ್ಬಿಸುವ ಅನುಮತಿಯ ಟಿಕ್ ತೆಗೆಯಿರಿ.

ಕರೆಂಟು ಹೋಗಿ ಬಂದಾಗಲೆಲ್ಲ ಏಳುತ್ತಿದೆಯೇ? ಚಾರ್ಜರಿಗೆ ಜೀವ ಬಂದದ್ದನ್ನೇ ಎಚ್ಚರಗೊಳ್ಳುವ ಸೂಚನೆಯಾಗಿ ತೆಗೆದುಕೊಳ್ಳುವ ಯಂತ್ರಗಳಿವೆ. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲಿನ ಮೂಲ ಸೆಟ್ಟಿಂಗ್ ಪುಟ) 'ವೇಕ್ ಆನ್ ಎಸಿ' ಎಂಬುದಿದ್ದರೆ ಆಫ್ ಮಾಡಿ. ಇಲ್ಲದಿದ್ದರೆ ರಾತ್ರಿ ಚಾರ್ಜರ್ ಕೀಳುವುದೇ ಮದ್ದು.

ಬಳಸುತ್ತಿರುವಾಗಲೇ ಪಟ್ಟನೆ ಮಲಗಿದರೆ ಆಯಸ್ಕಾಂತ ಹುಡುಕಿ. ಮ್ಯಾಗ್ನೆಟ್ ಪಟ್ಟಿಯ ಕೈಗಡಿಯಾರ, ಮ್ಯಾಗ್ನೆಟ್ ಬೀಗದ ಮೊಬೈಲ್ ಕವರ್, ಕೆಳಗಿಟ್ಟ ಇನ್ನೊಂದು ಲ್ಯಾಪ್‌ಟಾಪ್. ಅಂಗೈ ಇಡುವ ಜಾಗಕ್ಕೆ ಇವು ಹತ್ತಿರ ಬಂದರೆ ಮುಚ್ಚಳ ಮುಚ್ಚಿತೆಂದೇ ಸೆನ್ಸರ್ ತಿಳಿಯುತ್ತದೆ.

ಲಕ್ಷಣ: ಎದ್ದಿತು, ಆದರೆ ವೈಫೈ ಇಲ್ಲ, ಟಚ್‌ಪ್ಯಾಡ್ ಕುಣಿಯುತ್ತದೆ, ಎಲ್ಲ ನಿಧಾನ

ಹಿಂದೆ ಹೇಳಿದ ಶಟ್‌ಡೌನ್ ಒಳಸುಳಿ ಇಲ್ಲಿ ಬರುತ್ತದೆ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದಿದೆ. ಶಟ್‌ಡೌನ್ ಒತ್ತಿದರೆ ನಿಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿಗೆ ಹೋಗಿ ಕೂರುತ್ತದೆ. ಮಾರನೇ ದಿನ ಅದೇ ಎದ್ದು ಬರುತ್ತದೆ. ನಿನ್ನೆ ಮುನಿಸಿಕೊಂಡ ವೈಫೈ ಡ್ರೈವರ್ ಇವತ್ತೂ ಅದೇ ಮುನಿಸಿನಲ್ಲಿರುತ್ತದೆ. "ಆರಿಸಿ ಆನ್ ಮಾಡಿದೆ, ಸರಿಹೋಗಲಿಲ್ಲ" ಎನ್ನುವವರು ಹೆಚ್ಚಾಗಿ ಇದಕ್ಕೇ ಸಿಕ್ಕವರು. ರಿಸ್ಟಾರ್ಟ್ ಒತ್ತಿ, ಅದು ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೂ ಪೂರ್ತಿ ಆರುತ್ತದೆ.

ರಿಸ್ಟಾರ್ಟ್‌ನಿಂದ ಸರಿಹೋಗಿ ಮತ್ತೆ ಮತ್ತೆ ಅದೇ ಬಂದರೆ ಪವರ್ ಬಟನ್‌ಗಳ ಪುಟದಲ್ಲಿ 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಟಿಕ್ ತೆಗೆದುಹಾಕಿ. ಎಸ್‌ಎಸ್‌ಡಿ ಯಂತ್ರದಲ್ಲಿ ಕಳೆದುಕೊಳ್ಳುವುದು ಕೆಲವೇ ಸೆಕೆಂಡು. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಟ್ಟವರು ಇದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಲಿನಕ್ಸ್ ಕಡೆಯಿಂದ ವಿಂಡೋಸ್ ವಿಭಾಗಕ್ಕೆ ಬರೆಯಲಾಗುವುದಿಲ್ಲ. ಬಲವಂತವಾಗಿ ಬರೆದರೆ ಫೈಲು ಕೆಡುತ್ತದೆ. ಲಿನಕ್ಸಿನಲ್ಲಿ ನಿದ್ದೆಯ ಬಗೆ ತಿಳಿಯಲು 'ಸಿಸ್' ಕೆಳಗಿನ 'ಪವರ್' ಫೋಲ್ಡರಿನ 'ಮೆಮ್_ಸ್ಲೀಪ್' ಕಡತ ಓದಿ. 'ಡೀಪ್' ಎಂದರೆ ಎಸ್3, 'ಎಸ್2ಐಡಲ್' ಎಂದರೆ ಹೊಸ ಬಗೆ.

ಇನ್ನೂ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದು ಏಳಲು ನಿಮಿಷಗಟ್ಟಲೆ ತೆಗೆದುಕೊಂಡರೆ ಅದು ದೋಷವಲ್ಲ, ವಯಸ್ಸು. ಎಸ್‌ಎಸ್‌ಡಿ ಹಾಕಿಸಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಮೊದಲು ಫೈಲುಗಳನ್ನು ಬೇರೆಡೆ ತೆಗೆದಿಡಿ, ಉಳಿದದ್ದು ಆಮೇಲೆ.

ಟಚ್‌ಪ್ಯಾಡ್ ಕುಣಿತಕ್ಕೆ ಬೇರೆಯೇ ಕಾರಣ ಇರಬಹುದು. ಚಾರ್ಜರ್ ಕಿತ್ತ ಕೂಡಲೇ ಸರಿಹೋದರೆ ತಪ್ಪು ಲ್ಯಾಪ್‌ಟಾಪಿನದಲ್ಲ, ಕರೆಂಟಿನದು. ಚೌಕ ತರಂಗದ ಅಗ್ಗದ ಇನ್ವರ್ಟರ್, ಅಥವಾ ಅರ್ಥಿಂಗ್ ಇಲ್ಲದ ಸಾಕೆಟ್. ಎರಡು ಪಿನ್ನಿನ ಚಾರ್ಜರಿನಲ್ಲಿ ಲೋಹದ ಮೈ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುವುದು ಸಾಮಾನ್ಯ. ಮೂರು ಪಿನ್ನಿನದರಲ್ಲಿ ಹಾಗಾದರೆ ಅರ್ಥ್ ಕಡಿದಿದೆ. ಲ್ಯಾಪ್‌ಟಾಪ್ ಬಿಟ್ಟು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಹಳೆ ಮನೆಗಳಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗುವುದು ಮಾಮೂಲು, ಗೀಸರ್ ಇರುವ ಮನೆಯಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಮೋಟರ್‌ಗಳು ಓಡುವಾಗ ವೋಲ್ಟೇಜ್ ಇಳಿದರೆ ಲ್ಯಾಪ್‌ಟಾಪ್ ಚಾರ್ಜರ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅದರ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ, ಓದಿ ನೋಡಿ. ಕೊಲ್ಲುವುದು ಇಳಿಕೆಯಲ್ಲ, ಕರೆಂಟು ಮರಳುವಾಗಿನ ಮತ್ತು ಏಪ್ರಿಲ್–ಮೇ ಗುಡುಗಿನ ಏರಿಕೆ. ಗುಡುಗು ಶುರುವಾದರೆ ಚಾರ್ಜರ್ ಜೊತೆ ನೆಟ್‌ವರ್ಕ್ ಕೇಬಲನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಲಕ್ಷಣ: ಬಿಸಿಲಿದ್ದಾಗ ಸರಿ, ಮಳೆ ಹಿಡಿದರೆ ಕೆಡುತ್ತದೆ

ಇಡೀ ಬರಹದಲ್ಲಿ ನಿಜವಾಗಿ ಯಂತ್ರ ಕೊಲ್ಲುವ ಲಕ್ಷಣ ಇದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಮಳೆಯಲ್ಲಿ, ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವಾಗ ಲ್ಯಾಪ್‌ಟಾಪಿನ ಒಳಗೇನು ಒಣಗಿರುತ್ತದೆಯೇ?

ತೇವವೊಂದೇ ಬೋರ್ಡನ್ನು ಅಷ್ಟು ಬೇಗ ತಿನ್ನುವುದಿಲ್ಲ. ತೇವದ ಜೊತೆ ವೋಲ್ಟೇಜ್ ಸೇರಿದಾಗ ತಾಮ್ರದ ಗೆರೆಗಳು ಕರಗತೊಡಗುತ್ತವೆ, ಹಸಿರು ಬಿಳಿ ಪುಡಿ ಕಟ್ಟುತ್ತದೆ. ನಿದ್ದೆಯಲ್ಲಿರುವ ಯಂತ್ರದೊಳಗೆ ದಿನದ 24 ಗಂಟೆಯೂ ವೋಲ್ಟೇಜ್ ಇರುತ್ತದೆ, ಆದರೆ ತೇವ ಓಡಿಸುವಷ್ಟು ಬಿಸಿ ಇರುವುದಿಲ್ಲ. ತಕ್ಷಣ ಆನ್ ಆಗುವ ಸುಖಕ್ಕೆ ನಮ್ಮ ಹವೆಯಲ್ಲಿ ತೆರುವ ಬೆಲೆ ಇದು. ಒಂದೆರಡು ದಿನ ಮುಟ್ಟುವುದಿಲ್ಲ ಎಂದಾದರೆ ಪೂರ್ತಿ ಆರಿಸಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ತಾನೇ ಹೇಳುತ್ತದೆ. ದಿನಾ ಬಳಸುವ ಯಂತ್ರ ತನ್ನ ಬಿಸಿಗೇ ಒಣಗುತ್ತಿರುತ್ತದೆ. ಕೆಡುವುದು ಹೆಚ್ಚಾಗಿ ಮೂಲೆಗಿಟ್ಟದ್ದು.

ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಬೇಡ. ಮೆಣಸು ಒಣಗಲು ಆ ಹೊಗೆ ಸರಿ, ಬೋರ್ಡಿಗೆ ಮಸಿ ಮತ್ತು ಅತಿಶಾಖ, ಬ್ಯಾಟರಿಗೆ ಅಪಾಯ. ಅಕ್ಕಿಯೊಳಗೆ ಹೂಳುವುದರಿಂದ ಧೂಳು ಬಿಟ್ಟರೆ ಲಾಭವಿಲ್ಲ.

ಡಿಸೆಂಬರ್ ರಾತ್ರಿ ಜೀಪಿನಲ್ಲೇ ಬಿಟ್ಟ ಲ್ಯಾಪ್‌ಟಾಪನ್ನು ಬೆಚ್ಚನೆಯ ಕೋಣೆಗೆ ತಂದರೆ ತಣ್ಣನೆಯ ಮೈಮೇಲೆ ಹನಿ ಕಟ್ಟುತ್ತದೆ, ಒಳಗೂ ಕಟ್ಟುತ್ತದೆ. ಬ್ಯಾಗಿನಿಂದ ತೆಗೆಯದೆ ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ಆನ್ ಮಾಡಿ.

ಗಾಳಿಕಿಂಡಿಗಳನ್ನೂ ಟಾರ್ಚ್ ಹಿಡಿದು ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜ, ಮಳೆಗೆ ಒಣಜಾಗ ಹುಡುಕುವ ಇರುವೆಗಳಿಗೆ ಅದು ಹೇಳಿಮಾಡಿಸಿದ ಮನೆ. ಕೀಟನಾಶಕ ಸಿಂಪಡಿಸಬೇಡಿ, ಅದು ದ್ರವ, ಬೋರ್ಡಿಗೆ ಇಳಿಯುತ್ತದೆ.

ನೀರೋ ಕಾಫಿಯೋ ಚೆಲ್ಲಿದರೆ ಒಂದೇ ನಿಯಮ: ಚಾರ್ಜರ್ ಕಿತ್ತು ಬಟನ್ ಒತ್ತಿ ಹಿಡಿದು ಆರಿಸಿ, ಕೀಬೋರ್ಡ್ ಕೆಳಮುಖ ಮಾಡಿಡಿ, ಮತ್ತೆ ಆನ್ ಮಾಡಿ ನೋಡಬೇಡಿ. "ಈಗ ಸರಿ ಇದೆಯಾ" ಎಂದು ಪರೀಕ್ಷಿಸಿದ್ದರಿಂದಲೇ ಸತ್ತ ಬೋರ್ಡುಗಳು ಬಹಳ. ಹಾಲು, ಸಕ್ಕರೆ ಇದ್ದ ಕಾಫಿ ಒಣಗಿದರೂ ಅಂಟು ಉಳಿಸಿ ತೇವ ಎಳೆಯುತ್ತಿರುತ್ತದೆ. ಬಿಚ್ಚಿ ತೊಳೆಸಲೇಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಲಕ್ಷಣ: ಹಳೆಯ ಯಂತ್ರದ ಎರಡನೇ ಪವರ್ ಬಟನ್ ಕೆಲಸ ಮಾಡುತ್ತಿಲ್ಲ

2007ರ ಸುಮಾರಿಗೆ ಬಂದ ಸ್ಪ್ಲಾಶ್‌ಟಾಪ್ ಎಂಬ ಪುಟ್ಟ ಲಿನಕ್ಸ್ ವ್ಯವಸ್ಥೆಯನ್ನು ಆಸುಸ್ 'ಎಕ್ಸ್‌ಪ್ರೆಸ್ ಗೇಟ್' ಎಂಬ ಹೆಸರಿನಲ್ಲಿ ಕೊಟ್ಟಿತು. ಬೇರೆ ಕಂಪನಿಗಳೂ ಅದೇ ಜಾಡು ಹಿಡಿದವು. ವಿಂಡೋಸ್ ಏಳುವ ಮೊದಲೇ ಬ್ರೌಸರ್ ಕೊಡುವುದು ಅದರ ಉದ್ದೇಶ, ಎರಡನೇ ಬಟನ್ ಇದ್ದದ್ದು ಅದನ್ನು ತೆರೆಯಲು. ಹಾರ್ಡ್‌ಡಿಸ್ಕ್ ಬದಲಿಸಿದಾಗ ಅಥವಾ ಫಾರ್ಮ್ಯಾಟ್ ಮಾಡಿದಾಗ ಅದರ ಕಡತಗಳು ಅಳಿದಿದ್ದರೆ ಬಟನ್ ಸತ್ತಂತೆ ಕಾಣುತ್ತದೆ. ಸರಿಪಡಿಸುವ ಗೋಜಿಗೆ ಹೋಗಬೇಡಿ. ಆ ಕಾಲದ ಬ್ರೌಸರಿನಲ್ಲಿ ಈಗಿನ ಬ್ಯಾಂಕ್ ತಾಣ ತೆರೆಯುವುದೂ ಇಲ್ಲ, ತೆರೆದರೆ ಸುರಕ್ಷಿತವೂ ಅಲ್ಲ. ಇಂಥ ಯಂತ್ರದಲ್ಲಿ ಪ್ರತಿಸಲ ದಿನಾಂಕ ತಪ್ಪುತ್ತಿದ್ದರೆ ಒಳಗಿನ ಗುಂಡಿ ಸೆಲ್ ಮುಗಿದಿದೆ, ಅದು ಅಗ್ಗದ ರಿಪೇರಿ.

ಅಂಗಡಿಗೆ ಒಯ್ಯುವಾಗ

ಸುಟ್ಟ ವಾಸನೆ, ಉಬ್ಬು, ದ್ರವ, ಮೂರು ಪಿನ್ ಚಾರ್ಜರಿನಲ್ಲೂ ಶಾಕ್, ಡಿಸ್ಕಿನ ಟಕ್ ಟಕ್: ಇವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಪ್ರಯೋಗ ನಿಲ್ಲಿಸಿ. ಉಳಿದಂತೆ ಒಯ್ಯುವಾಗ ಚಾರ್ಜರನ್ನೂ ಜೊತೆಗೆ ಕೊಡಿ, ನಿದ್ದೆಯ ಬಗೆ ಬರೆದ ಚೀಟಿ, ಮಿನುಗಿದ ದೀಪದ ವಿಡಿಯೋ, ಸ್ಲೀಪ್‌ಸ್ಟಡಿ ವರದಿ ಇದ್ದರೆ ತೋರಿಸಿ. "ಆನ್ ಆಗಲ್ಲ" ಎನ್ನಬೇಡಿ. "ರಾತ್ರಿ ಸ್ಲೀಪ್‌ನಲ್ಲಿಟ್ಟೆ, ಕರೆಂಟು ಹೋಗಿತ್ತು, ಬೆಳಿಗ್ಗೆ ಕ್ಯಾಪ್ಸ್ ಲಾಕ್ ದೀಪ ಬರುತ್ತದೆ, ಪರದೆ ಇಲ್ಲ" ಎನ್ನಿ. ಬೋರ್ಡ್ ಬದಲಿಸಬೇಕು ಎಂದರೆ ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳಿ, ಬೇಕಿದ್ದರೆ ಇನ್ನೊಂದು ಕಡೆ ತೋರಿಸಿ.

ಒಂದು ವಿಷಯ ಮಾತ್ರ ಯಂತ್ರ ಚೆನ್ನಾಗಿರುವಾಗಲೇ ಮಾಡಿಡಬೇಕು. ಅನೇಕ ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಬೀಗದೊಳಗಿರುತ್ತದೆ. ಬಯೋಸ್ ಬದಲಿಸಿದರೆ, ಬೋರ್ಡ್ ಬದಲಿಸಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಫೈಲು ಸಿಗುವುದಿಲ್ಲ, ಯಾವ ಅಂಗಡಿಯವರೂ ತೆಗೆದುಕೊಡಲಾರರು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಇರುತ್ತದೆ. ಇವತ್ತೇ ಲಾಗಿನ್ ಆಗಿ ಕಾಗದದಲ್ಲಿ ಬರೆದುಕೊಳ್ಳಿ, ಆ ಕಾಗದವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಬೇಡಿ.